ಮೋರೇರ ಬೆಟ್ಟದಲ್ಲಿ ಒಂದು ಮುಂಜಾವು



ನಮ್ಮ ಪ್ರಸಾದನಿಲಯದಲ್ಲಿದ್ದು ಓದಿಹೋದ ಹಳೆಯ ವಿದ್ಯಾರ್ಥಿಯೊಬ್ಬರು, ಬೆಳ್ಳಾವಿ ಹೋಬಳಿಯ ಹಳ್ಳಿಯವರು, ಈಗ ಅಮೆರಿಕೆಯಲ್ಲಿ ಸಂಸಾರಸಮೇತ ನೆಲೆಸಿದ್ದಾರೆ. ಕಳೆದ ದೀಪಾವಳಿಯ ವೇಳೆಗೆ ಅವರಿಂದ ನಮಗೊಂದು ದೀರ್ಘ ಪತ್ರವೂ ಕೆಲವು ಚಿತ್ರಗಳೂ ಬಂದವು. ದಕ್ಷಿಣ ಅಮೆರಿಕೆಯ ಪೆರು ದೇಶಕ್ಕೆ ಹೋಗಿ, ರೈಲುಮಾರ್ಗದ 104ನೆಯ ಕಿಲೋಮೀಟರಿನಲ್ಲಿ ಇಳಿದು, ಮಾರ್ಗದರ್ಶಕನ ಹಿಂದೆ ಒಂದು ಹಗಲು ಬೆಟ್ಟದ ದಾರಿಯಲ್ಲಿ ನಡೆದು, ಸೂರ್ಯದ್ವಾರವೆಂಬ ಕಣಿವೆಯಂಚಿನಿಂದ ಇಂಕಾ ಜನರ ಮಾಚು ಪಿಚುವನ್ನು ಕಂಡ ವೃತ್ತಾಂತವದು. ಪರವಾನಗಿ ಪಡೆದ ಮಾರ್ಗದರ್ಶಕನಿಲ್ಲದೆ ಆ ದಾರಿಗೆ ಯಾರನ್ನೂ ಬಿಡುವುದಿಲ್ಲವಂತೆ. 1911ರಲ್ಲಿ ಹಿರಂ ಬಿಂಗಮ್ ಎಂಬ ಅಮೆರಿಕದ ಅಧ್ಯಾಪಕರು ಅದನ್ನು ಹೊರಜಗತ್ತಿಗೆ ತಿಳಿಸಿದರೆಂದು ನಾವು ಓದಿದ್ದೆವು. ಅವರನ್ನು ಕೊನೆಯ ಏರಿನಲ್ಲಿ ಕರೆದೊಯ್ದವನು ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದ ಮನೆಯ ಒಬ್ಬ ಹುಡುಗ. ಊರಿನವರ ಪಾಲಿಗೆ ಅದು ಎಂದೂ ಕಳೆದುಹೋಗಿರಲಿಲ್ಲವೆಂದಾಯಿತು.

ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಗಳನ್ನು ಚಿತ್ರದಲ್ಲಿ ಕಂಡು ಸಂತೋಷವಾಯಿತು. ಆದರೆ ನಮ್ಮ ಮನಸ್ಸು ನಿಂತದ್ದು ಪತ್ರದ ಬೇರೊಂದು ಸಂಗತಿಯ ಮೇಲೆ. ಇಂಕಾ ಅರಸನು ತೀರಿಕೊಂಡ ಮೇಲೆಯೂ ಅವನ ಒಣಗಿಸಿದ ದೇಹವನ್ನು ಜೋಪಾನವಾಗಿಟ್ಟು, ಹಬ್ಬಹರಿದಿನಗಳಲ್ಲಿ ಹೊರತಂದು, ಮುಂದೆ ಆಹಾರಪಾನೀಯಗಳನ್ನಿಟ್ಟು ಉಪಚರಿಸುತ್ತಿದ್ದರು. ಅವನ ಅರಮನೆ, ಹೊಲ, ಆಳುಕಾಳು ಎಲ್ಲವೂ ಅವನ ಹೆಸರಿನಲ್ಲಿಯೇ ಉಳಿದು, ಅವನ ವಂಶದವರು ಅದನ್ನು ನೋಡಿಕೊಳ್ಳುತ್ತಿದ್ದರು. ಹದಿನೈದನೆಯ ಶತಮಾನದಲ್ಲಿ ಮಾಚು ಪಿಚುವನ್ನು ಕಟ್ಟಿಸಿದನೆಂದು ವಿದ್ವಾಂಸರು ಹೇಳುವ ಪಚಾಕುಟಿಯ ದೇಹವನ್ನು 1559ರಲ್ಲಿ ಸ್ಪೇನಿನ ಅಧಿಕಾರಿಯೊಬ್ಬನು ವಶಪಡಿಸಿಕೊಂಡನು. ಲೀಮಾ ನಗರಕ್ಕೆ ಸಾಗಿಸಿದ ಆ ದೇಹ ಮುಂದೆ ಎಲ್ಲಿ ಹೋಯಿತೆಂಬುದು ಇಂದಿಗೂ ಪತ್ತೆಯಾಗಿಲ್ಲ. ಪತ್ರದ ಕೊನೆಯಲ್ಲಿ ಅವರು ಕೇಳಿದ್ದರು: "ಬುದ್ಧಿ, ಇಂಥ ಜಾಗ ನಮ್ಮ ಕಡೆ ಎಲ್ಲಾದರೂ ಇದೆಯೆ?"

ಆ ಸಂಗತಿ ನಮ್ಮನ್ನು ಯಾಕೆ ಹಿಡಿಯಿತೆಂಬುದನ್ನು ತಮ್ಮಲ್ಲಿ ಮುಚ್ಚಿಡಲಾರೆವು. ನಮ್ಮ ಪೂಜ್ಯ ಗುರುಗಳು ಲಿಂಗೈಕ್ಯರಾದಾಗ ಬೆಳ್ಳಾವಿಗೆ ಹೊಂದಿದ ತೆಂಗಿನ ತೋಟದಲ್ಲಿ ಅವರ ಕ್ರಿಯಾಸಮಾಧಿ ನೆರವೇರಿತು. ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿ, ವಿಭೂತಿಯ ನಡುವೆ ಅವರನ್ನು ಇಳಿಸಿದ ಕೈಗಳಲ್ಲಿ ನಮ್ಮವೂ ಇದ್ದವು. ಮೇಲೆ ಸೊಂಟದೆತ್ತರದ ಕಟ್ಟೆ, ಅದರ ಮೇಲೊಂದು ಚಪ್ಪಡಿ. ಇಷ್ಟೇ ಆ ಗದ್ದುಗೆ. ಈಗ ಅದರ ಮೇಲೆ ಮೂವತ್ತೊಂದು ಅಡಿ ಎತ್ತರದ ಕಲ್ಲಿನ ಮಂಟಪವನ್ನು ಎತ್ತಬೇಕೆಂಬುದು ಭಕ್ತರ ಸಂಕಲ್ಪ. ಅದರ ನಕ್ಷೆ ಎರಡು ವರ್ಷಗಳಿಂದ ನಮ್ಮ ಮೇಜಿನ ಮೇಲಿದೆ. ಉಳ್ಳವರು ಕಟ್ಟಿಸುವ ದೇಗುಲದ ವಿಷಯದಲ್ಲಿ ಶರಣರು ಏನೆಂದರೆಂಬುದನ್ನು ಪ್ರವಚನಗಳಲ್ಲಿ ನಾವೇ ಎಷ್ಟೋ ಸಾರಿ ವಿವರಿಸಿದ್ದೇವೆ. ಆದರೂ ಆ ನಕ್ಷೆಯನ್ನು ಒಪ್ಪಲೂ ಇಲ್ಲ, ಮರಳಿಸಲೂ ಇಲ್ಲ. ಅಕ್ಕಪಕ್ಕದ ಊರುಗಳ ಗೋಪುರಗಳು ನಮ್ಮ ಕಣ್ಣಿಗೂ ಬೀಳುತ್ತವೆ. ಇನ್ನೊಂದು ಮಾತು. ನಕ್ಷೆಯಲ್ಲಿ ಗುರುಗಳ ಗದ್ದುಗೆಯ ಎಡಕ್ಕೆ ಮತ್ತೊಂದು ಗದ್ದುಗೆಗೆ ಸಾಲುವಷ್ಟು ಜಾಗವನ್ನು ಬರಿದಾಗಿ ಬಿಟ್ಟಿದ್ದಾರೆ. ಅದು ಯಾರಿಗೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ನಮಗೆ ಗೊತ್ತಿತ್ತು. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ಡಾ. ಅ. ಸುಂದರ ಅವರು ದಕ್ಷಿಣ ಭಾರತದ ಪ್ರಾಚೀನ ಕಲ್ಗೋರಿಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥವನ್ನು ಗ್ರಂಥಾಲಯದಲ್ಲಿ ತಿರುವಿಹಾಕಿದ್ದೆವು. ಗಂಗಾವತಿಯ ಸಮೀಪದ ಹಿರೇಬೆಣಕಲ್ ಎಂಬ ಹೆಸರು ಅಂದಿನಿಂದ ಮನಸ್ಸಿನಲ್ಲಿತ್ತು. ಬೆಟ್ಟದ ಮೇಲೆ ಸುಮಾರು 400 ಕಲ್ಮನೆಗಳು. ಬಹಳ ಮಟ್ಟಿಗೆ ಕ್ರಿಸ್ತಪೂರ್ವ 800ರಿಂದ 200ರ ನಡುವಿನವೆಂದು ವಿದ್ವಾಂಸರ ಎಣಿಕೆ. ಇಂಕಾದವರಿಗಿಂತ ಎರಡು ಸಾವಿರ ವರ್ಷ ಹಿಂದಿನ ಮಾತು. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಅದು ಸೇರಿತು. ಮೂವತ್ತು ವರ್ಷಗಳಲ್ಲಿ ಎಷ್ಟು ಸಾರಿ ಹೊಸಪೇಟೆಯ ಮಾರ್ಗವಾಗಿ ಹೋಗಿಬಂದೆವೋ ಲೆಕ್ಕವಿಲ್ಲ. ಒಮ್ಮೆಯೂ ಅತ್ತ ತಿರುಗಲಿಲ್ಲ. ಪೆರುವಿನಿಂದ ಪತ್ರ ಬರಬೇಕಾಯಿತು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆಂದು ಹೊರಟೆವು. ಸಿರಾ, ಹಿರಿಯೂರು, ಚಿತ್ರದುರ್ಗ, ಹೊಸಪೇಟೆ ದಾಟಿ ಕೊಪ್ಪಳ ತಲುಪಿದೆವು. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿರುವುದನ್ನು ತಾವು ಬಲ್ಲಿರಿ. ಜಾತ್ರೆ ಮುಗಿಸಿಕೊಂಡು ಗಂಗಾವತಿಯ ಭಕ್ತರೊಬ್ಬರ ಮನೆಯಲ್ಲಿ ತಂಗಿ, ಮರುದಿನ ನಸುಕಿನಲ್ಲಿ ಪೂಜೆ ಪೂರೈಸಿ, ಹತ್ತು ಕಿಲೋಮೀಟರು ದೂರದ ಹಿರೇಬೆಣಕಲ್ಲಿಗೆ ಬಂದೆವು. ಎಡದಂಡೆ ಕಾಲುವೆಯ ನೀರಿನ ಸೀಮೆ; ಬೇಸಿಗೆಯ ಭತ್ತಕ್ಕೆ ಗದ್ದೆಗಳನ್ನು ಹದಮಾಡುತ್ತಿದ್ದರು. ಆ ನೀರು, ಆ ಕೆಸರು ಮುಗಿದಲ್ಲಿಂದಲೇ ಬಂಡೆಗಳ ರಾಶಿ ಏಳುತ್ತದೆ.

ನಮ್ಮನ್ನು ಕರೆದೊಯ್ಯಲು ಭಕ್ತರು ಗೊತ್ತುಮಾಡಿದ್ದವರು ಕುರಿ ಕಾಯುವ ಒಬ್ಬ ಹಿರಿಯರು. ವಯಸ್ಸು ಎಪ್ಪತ್ತರ ಆಜುಬಾಜು. ಜೊತೆಗೆ ಹತ್ತು ವರ್ಷದ ಮೊಮ್ಮಗ. ನಮ್ಮ ಸೀಮೆಯಲ್ಲಿ ಸ್ವಾಮಿಗಳನ್ನು 'ಬುದ್ಧಿ' ಎಂದು ಕರೆದರೆ ಆ ಸೀಮೆಯಲ್ಲಿ 'ಅಜ್ಜಾರ' ಎನ್ನುತ್ತಾರೆ. ಎಪ್ಪತ್ತರ ಅವರು ಐವತ್ತಾರರ ನಮ್ಮನ್ನು ಹೆಜ್ಜೆಹೆಜ್ಜೆಗೂ 'ಅಜ್ಜಾರ' ಎನ್ನುವುದು, ಹಾಗೆ ಎನ್ನುತ್ತಲೇ ನಮಗಿಂತ ಇಪ್ಪತ್ತು ಮಾರು ಮುಂದಿರುವುದು! ಕಾಲಿನ ಪಾದುಕೆಗಳನ್ನು ಬಿಟ್ಟು ಶಿಷ್ಯನು ಕೊಡಿಸಿದ ಕ್ಯಾನ್ವಾಸ್ ಬೂಟುಗಳನ್ನು ಹಾಕಿಕೊಂಡಿದ್ದೆವು. ಬೆಟ್ಟ ಅಷ್ಟೇನೂ ಎತ್ತರವಲ್ಲ. ಒಂದೂವರೆ ಗಂಟೆಯ ನಡಿಗೆ. ಆದರೆ ಗುಂಡಿನಿಂದ ಗುಂಡಿಗೆ ಕಾಲಿಡಬೇಕಾದ ಕಡೆ ಬಲಗಾಲಿನ ಮಂಡಿ ತನ್ನ ವಯಸ್ಸನ್ನು ಹೇಳಿತು. ಹಿರಿಯರು ನಡುನಡುವೆ ಕೋಲಿನಿಂದ ಬಂಡೆಗೆ ಬಡಿಯುತ್ತಿದ್ದರು. ಏಕೆಂದು ಕೇಳಿದರೆ, "ಕರಡಿ ಇರ್ತಾವ್ರಿ ಅಜ್ಜಾರ. ನಾವು ಬರೋದು ಅದಕ್ಕೂ ಗೊತ್ತಾಗಬೇಕಲ್ರಿ" ಎಂದರು.

ಏರು ಮುಗಿದು ಬಂಡೆಯ ಬಯಲಿಗೆ ಬಂದಾಗ ಬಿಸಿಲು ಆಗತಾನೇ ಹರಡಿತ್ತು. ಒಂದೂರಿಗೆ ಊರೇ ನಮ್ಮ ಮುಂದೆ ನಿಂತಿತ್ತು. ಮೂರು ಕಡೆ ಚಪ್ಪಡಿ, ನಾಲ್ಕನೆಯ ಕಡೆಯ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ, ಮೇಲೆ ಹಾಸಿದ ಇನ್ನೊಂದು ಚಪ್ಪಡಿ. ಕೆಲವು ನಮ್ಮ ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ಸುಣ್ಣವಿಲ್ಲ, ಗಾರೆಯಿಲ್ಲ, ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿವೆ. ದೊಡ್ಡದೊಂದರ ಮೇಲ್ಚಪ್ಪಡಿಯನ್ನು ಮೊಳದ ಲೆಕ್ಕದಲ್ಲಿ ಅಳೆದೆವು: ಹೆಚ್ಚುಕಡಿಮೆ ಹತ್ತಡಿ ಉದ್ದ, ಎಂಟಡಿ ಅಗಲ, ಅರ್ಧ ಅಡಿ ದಪ್ಪ. ಮಂಟಪದ ಅಂದಾಜುಪಟ್ಟಿಯಿಂದಾಗಿ ನಮಗೀಗ ಕಲ್ಲಿನ ಲೆಕ್ಕ ಬಾಯಿಪಾಠ. ಘನ ಅಡಿಗೆ ಎಪ್ಪತ್ತೈದು ಕಿಲೋದಂತೆ ನಲವತ್ತು ಘನ ಅಡಿಗೆ ಮೂರು ಟನ್ನು. ನಮ್ಮ ಗುತ್ತಿಗೆದಾರರು ಇಂಥ ಕಲ್ಲಿಗೆ ಕ್ರೇನು ಬೇಕೆಂದು ಬರೆದಿದ್ದರು. ಇವರಿಗೆ ಇದ್ದದ್ದು ಮರದ ದಿಮ್ಮಿ, ಹಗ್ಗ, ಭುಜ. ಕಲ್ಲು ಕಿತ್ತ ಜಾಗವೂ ಮೇಲೆಯೇ ಇದೆ. ಈಗ ಅದೊಂದು ಕೊಳ. ಅದರ ದಡದಲ್ಲಿ ಕುಳಿತು ಮುಖ ತೊಳೆದುಕೊಂಡೆವು.

"ಇವೆಲ್ಲ ಯಾರ ಮನೆಗಳು?" ಎಂದು ಕೇಳಿದೆವು.

"ಮೋರೇರ ಮನಿ ರೀ. ಮೂರಡಿ ಮಂದಿ ಇದ್ರಂತ, ಆದ್ರ ಆನಿಯಷ್ಟು ಬಲ. ಬೆಂಕಿ ಮಳಿ ಬರತೈತಿ ಅಂತ ಅವರಿಗೆ ಮೊದಲ ಗೊತ್ತಿತ್ತಂತ. ಅದಕ್ಕ ಕಲ್ಲಿನ ಮನಿ ಕಟ್ಟಿಕೊಂಡು ಒಳಗ ಹೊಕ್ಕರಂತ. ಹೊರಗ ಬರಲೇ ಇಲ್ಲ."

ಮೋರೇರು ಎಂದರೆ ಮೌರ್ಯರೆಂದು ವಾದಿಸುವವರುಂಟು. ಅಶೋಕನ ಶಾಸನಗಳು ಹತ್ತಿರದಲ್ಲಿಯೇ ಇರುವುದರಿಂದ ಆ ಮಾತು ಕೇಳಲು ಇಂಪಾಗಿದೆ. ಆದರೆ ಈ ಕಲ್ಮನೆಗಳಲ್ಲಿ ಬಹಳಷ್ಟು ಮೌರ್ಯರಿಗಿಂತ ಹಳೆಯವು. ಹೆಸರಿನ ಹೋಲಿಕೆಯೊಂದನ್ನೇ ನೆಚ್ಚಿ ಇತಿಹಾಸ ಬರೆಯಲಾಗದು. ಇವು ಸತ್ತವರಿಗಾಗಿ ಕಟ್ಟಿದವೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಇಂಥದೇ ಕಿಂಡಿಗಲ್ಲಿನ ಗೋರಿಗಳನ್ನು ಅಗೆಸಿ ನೋಡಿದರು. ಮೊದಲು ದೇಹವನ್ನು ಬೇರೆಡೆ ಇಟ್ಟಿದ್ದು, ಆಮೇಲೆ ಎಲುಬುಗಳನ್ನಾಯ್ದು ತಂದು, ಮಡಕೆಕುಡಿಕೆಗಳೊಡನೆ ಇವುಗಳಲ್ಲಿ ಇರಿಸುತ್ತಿದ್ದರೆಂಬುದು ಅವರ ತರ್ಕ. ಉಳಿಸಿಕೊಳ್ಳಬೇಕೆಂಬ ಆಸೆ ಇಂಕಾದವರದೂ ಇವರದೂ ಒಂದೇ. ಇವರ ಹೆಸರನ್ನು ಹೇಳುವ ಒಂದಕ್ಷರವೂ ಅಲ್ಲಿಲ್ಲ. ಅಕ್ಷರ ಈ ನಾಡಿಗೆ ಇನ್ನೂ ಬಂದಿರಲಿಲ್ಲ.

ಒಂದು ಕಲ್ಮನೆಯ ಕಿಂಡಿಯ ಮುಂದೆ ಕುಳಿತು ಒಳಗೆ ನೋಡಿದೆವು. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಒಣಗಿದ ಎಲೆ, ಕುರಿಯ ಹಿಕ್ಕೆ. ಮಳೆ ಬಂದರೆ ಕುರಿಗಾಹಿಗಳು ಇಲ್ಲೇ ಅಡಗುತ್ತಾರಂತೆ. ಪಕ್ಕದ್ದರ ಚಪ್ಪಡಿ ಉರುಳಿಬಿದ್ದು ನೆಲವೆಲ್ಲ ಅಗೆದಿತ್ತು. ನಿಧಿಯಾಸೆಯವರ ಕೆಲಸ. "ಏನೂ ಸಿಗಲಿಲ್ರಿ ಅವರಿಗೆ. ಮೋರೇರು ಏನ್ ಇಟ್ಟಾರು? ಬಡವರು" ಎಂದರು ಹಿರಿಯರು. ಆ 'ಬಡವರು' ಎಂಬ ಮಾತನ್ನು ಅವರು ತಮ್ಮ ಮನೆಯವರನ್ನು ಕುರಿತು ಹೇಳುವಂತೆ ಹೇಳಿದರು.

ಇನ್ನೂ ಮೇಲೆ ದೊಡ್ಡ ಬಂಡೆಯೊಂದರ ನೆತ್ತಿಯಲ್ಲಿ ನಗಾರಿಯಂತಹ ಅರೆಗುಂಡಿನ ಕಲ್ಲಿದೆ. ಅಲ್ಲಿಗೆ ಏರುವುದು ನಮ್ಮಿಂದಾಗದ ಮಾತು. ಹುಡುಗನು ಹಿರಿಯರ ಕಣ್ಣುತಪ್ಪಿಸಿ ಹಲ್ಲಿಯಂತೆ ಹತ್ತಿ, ಮರದ ತುಂಡಿನಿಂದ ಒಂದೇಟು ಹಾಕಿದನು. ರಕ್ಷಿತ ಸ್ಥಳದಲ್ಲಿ ಹಾಗೆ ಮಾಡಬಾರದು. ತಾವು ಹೋದಾಗ ಮಾಡಬೇಡಿ. ಆದರೆ ಆ ನಾದವನ್ನು ಕೇಳಲಿಲ್ಲವೆಂದು ಬರೆದರೆ ಸುಳ್ಳಾದೀತು. ಕಲ್ಲಿನಿಂದ ಅಂಥ ತುಂಬುದನಿ ಬರುತ್ತದೆಂದು ನಾವು ಎಣಿಸಿರಲಿಲ್ಲ. ಕೆಳಗಿನ ಗದ್ದೆಯಲ್ಲಿ ಎತ್ತು ಹೂಡಿದ್ದವನೊಬ್ಬ ತಲೆಯೆತ್ತಿ ನೋಡಿದನು. ಹಿರಿಯರು ಮೊಮ್ಮಗನನ್ನು ಗದರಿಸಿಕೊಂಡರು. ಆದರೂ ಅವರ ಮುಖದಲ್ಲಿ ಕೋಪವಿರಲಿಲ್ಲ.

ಇಳಿಯುವಾಗ ಮಂಡಿ ಪೂರ್ತಿ ಕೈಕೊಟ್ಟಿತು. ಹುಡುಗನ ಹೆಗಲ ಮೇಲೆ ಕೈಯಿಟ್ಟು ನಡೆಯಬೇಕಾಯಿತು. ಇಪ್ಪತ್ತೈದು ವರ್ಷಗಳಿಂದ ಜನರು ನಮ್ಮ ಪಾದ ಮುಟ್ಟಿ ನಮಸ್ಕರಿಸುವುದು ರೂಢಿಯಾಗಿಬಿಟ್ಟಿದೆ. ಇನ್ನೊಬ್ಬರ ಆಧಾರ ಹಿಡಿಯುವ ರೂಢಿ ತಪ್ಪಿಹೋಗಿದೆ. ಮೊದಲ ನೂರು ಹೆಜ್ಜೆ ಸಂಕೋಚವೆನಿಸಿತು. ಹುಡುಗನಿಗೆ ಅದಾವುದೂ ಇರಲಿಲ್ಲ. "ಭಾರ ಹಾಕ್ರಿ ಅಜ್ಜಾರ, ನಾ ಕುರಿಮರಿ ಹೊರ್ತೀನಿ" ಎಂದನು.

ಅರ್ಧ ದಾರಿಯಲ್ಲಿ ನೆರಳು ಕಂಡು ಕುಳಿತೆವು. ಹಿರಿಯರು ಗಂಟಿನಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಮಾತಿನ ನಡುವೆ ಮಂಟಪದ ವಿಷಯವನ್ನು ಅವರ ಮುಂದೆ ಏಕೆ ಎತ್ತಿದೆವೋ ಗೊತ್ತಿಲ್ಲ. ಎರಡು ವರ್ಷ ಸಮಿತಿಯವರ ಮುಂದೆ ಆಡದ ಮಾತನ್ನು ಅಪರಿಚಿತರ ಮುಂದೆ ಆಡಿದೆವು. ಅವರು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ತಮ್ಮ ಕಥೆ ಹೇಳಿದರು.

"ನಮ್ಮಪ್ಪನ್ನ ಹೊಲದಾಗ ಇಟ್ಟೀವ್ರಿ. ಒಂದು ಕಲ್ಲು ನೆಟ್ಟಿದ್ವಿ. ಅದು ಮಳಿಗೆ ವಾಲಿ ಬಿತ್ತು, ಮತ್ತ ನಾವು ನೆಡಲಿಲ್ಲ. ಆದ್ರ ಎತ್ತಿಗೆ ಗೊತ್ತೈತ್ರಿ. ಗಳೆ ಹೊಡಿವಾಗ ಆ ಜಾಗ ಬಂದ್ರ ತಾವ ಬಳಸಿ ಹೋಗ್ತಾವ. ಈಗಿನ ಎತ್ತು ಅಪ್ಪನ್ನ ಕಂಡವಲ್ಲ. ಹಳೇ ಎತ್ತಿನ ಜೋಡಿ ಹೂಡಿದಾಗ ಕಲಿತಾವ."

ಸದ್ಭಕ್ತರೇ, ಹೋಗಬಯಸುವವರು ಕಾರ್ತಿಕದಿಂದ ಮಾಘದೊಳಗೆ ಹೋಗಿರಿ. ಬೇಸಿಗೆಯಲ್ಲಿ ಆ ಬಂಡೆಗಳು ಕಾದ ಹೆಂಚು. ಸೂರ್ಯೋದಯಕ್ಕೆ ಬೆಟ್ಟದ ಬುಡದಲ್ಲಿರಿ. ಕುಡಿಯುವ ನೀರು ಒಯ್ಯಿರಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ದಿನಗೂಲಿಗೆ ಕಡಿಮೆಯಾಗದಂತೆ ಕೈಗಿತ್ತು ಬನ್ನಿರಿ. ಕಲ್ಮನೆಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳಬೇಡಿ, ಹೆಸರನ್ನಂತೂ ಕೆತ್ತಬೇಡಿ. ಕೆತ್ತಿದವರಿದ್ದಾರೆ.

ಬೆಳ್ಳಾವಿಗೆ ಮರಳಿದ ಸಂಜೆ ತೋಟಕ್ಕೆ ಹೋದೆವು. ಗದ್ದುಗೆಯ ಚಪ್ಪಡಿಯ ಒಂದು ಮೂಲೆ ಬಿರುಕು ಬಿಟ್ಟಿರುವುದು ಅಂದು ಕಣ್ಣಿಗೆ ಬಿತ್ತು. ದಿನಾ ಹೂವೇರಿಸುವ ನಾವು ಎರಡು ವರ್ಷ ಮಂಟಪದ ನಕ್ಷೆ ನೋಡಿದೆವೇ ಹೊರತು ಈ ಬಿರುಕನ್ನು ನೋಡಿರಲಿಲ್ಲ. ಅದನ್ನು ಸರಿಪಡಿಸಲು ಊರಿನ ಕಲ್ಲುಕುಟಿಗರಿಗೆ ಹೇಳಿಕಳುಹಿಸಿದ್ದಾಗಿದೆ. ಮಂಟಪದ ಮಾತು ಭಕ್ತಸಮುದಾಯದ್ದು. ಬರುವ ಅಮಾವಾಸ್ಯೆಯ ಮರುದಿನ ಸಭೆ ಸೇರುತ್ತದೆ, ತಾವೂ ಬನ್ನಿರಿ, ಮನಸ್ಸಿನಲ್ಲಿರುವುದನ್ನು ಹೇಳಿರಿ. ನಮ್ಮದು ಎನ್ನಬಹುದಾದ ಜಾಗ ನಕ್ಷೆಯಲ್ಲಿ ಒಂದೇ ಇತ್ತು. ಗದ್ದುಗೆಯ ಎಡಗಡೆಯ ಆ ಚೌಕಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು 'ಬೇಡ' ಎಂದು ಬರೆದು ಶಿಲ್ಪಿಗಳಿಗೆ ಕಳುಹಿಸಿದೆವು. ಹಾಗಾದರೆ ಅಲ್ಲಿ ಏನು ಮಾಡಬೇಕೆಂದು ಅವರು ಕೇಳಿಸಿದರು. ಅಲ್ಲಿ ಈಗ ಒಂದು ಹೊಂಗೆಯ ಮರವಿದೆ, ಅದು ಇರಲಿ ಎಂದು ತಿಳಿಸಿದ್ದೇವೆ.