ಅಮ್ಮನ ಕಾರು ಮತ್ತು ಪಿ0700

ನಮ್ಮಮ್ಮ ಕಾರು ಓಡಿಸೋದು ಕಲಿತದ್ದು 56ನೇ ವಯಸ್ಸಿನಲ್ಲಿ. ಎಡ ಮಂಡಿ ನೋವಿನಿಂದ ಕ್ಲಚ್ ತುಳಿಯೋಕೆ ಆಗಲ್ಲ ಅಂತ ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ತೆಗೆದುಕೊಂಡೆವು. ಅಲ್ಲಿಂದ ಮುಂದೆ ತರಕಾರಿಗೆ, ಫಿಸಿಯೋಥೆರಪಿಗೆ, ಬೇಲೂರಿನ ಚಿಕ್ಕಮ್ಮನ ಮನೆಗೆ ಯಾರನ್ನೂ ಕಾಯದೆ ಹೊರಡುತ್ತಿದ್ದಳು.

ಈ ಮಳೆಗಾಲದಲ್ಲಿ ಒಂದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತು. ಕಾರು ಒಂದೇ ಗೇರಿನಲ್ಲಿ ಕಚ್ಚಿಕೊಂಡು ಹೇಗೋ ಮನೆ ಸೇರಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, 'ಪಿ0700 ಬಂದಿದೆ. ಗೇರ್‌ಬಾಕ್ಸೇ ಬದಲಿಸಬೇಕು, ಒಂದೂವರೆ ಲಕ್ಷ ಆಗುತ್ತೆ' ಅಂದರು. ಅಪ್ಪ 'ಮಾರಿಬಿಡೋಣ' ಅಂದರು. ಅಮ್ಮ ಏನೂ ಹೇಳದೆ ಕೀಯನ್ನು ಫ್ರಿಜ್ ಮೇಲಿಟ್ಟು ಒಳಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಆ ಕೋಡಿನ ಅರ್ಥ ಹುಡುಕುತ್ತಾ ಕೂತೆ. 'ಪಿ' ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಿಭಾಗ. ಮೊದಲ ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಆದ ಕೋಡ್. 7 ಅಂದರೆ ಟ್ರಾನ್ಸ್‌ಮಿಷನ್. ಆದರೆ ಪಿ0700 ಕಾಯಿಲೆಯ ಹೆಸರಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನ ಹತ್ತಿರ ಒಂದು ದೂರು ಬಂದಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳಿ ಕಳಿಸಿದ್ದು, ಅಷ್ಟೆ. ಆ ದೂರು ಏನು ಅಂತ ತಿಳಿಯಲು ಗೇರ್‌ಬಾಕ್ಸಿನ ಕಂಪ್ಯೂಟರನ್ನೂ ಓದಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ರೀಡರುಗಳು ಎಷ್ಟೋ ಸಲ ಎಂಜಿನ್ ಕೋಡ್ ಮಾತ್ರ ತೋರಿಸುತ್ತವೆ.

ಅಂಥ ಸ್ಕ್ಯಾನರ್ ಇಟ್ಟುಕೊಂಡಿದ್ದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಸಿಕ್ಕರು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ ತಕ್ಷಣ ಇನ್ನೊಂದು ಕೋಡ್ ಬಂತು: ಪಿ0715, ಇನ್‌ಪುಟ್ ಸ್ಪೀಡ್ ಸೆನ್ಸರ್. ಗೇರ್‌ಬಾಕ್ಸಿನ ಒಳಕ್ಕೆ ಬರುವ ವೇಗ ಮತ್ತು ಹೊರಕ್ಕೆ ಹೋಗುವ ವೇಗವನ್ನು ಕಂಪ್ಯೂಟರ್ ತಾಳೆ ನೋಡುತ್ತಿರುತ್ತೆ. ಒಂದು ಲೆಕ್ಕ ತಪ್ಪಿದರೆ, ಇನ್ನಷ್ಟು ಹಾಳಾಗೋದು ಬೇಡ ಅಂತ ಒಂದೇ ಗೇರಿಗೆ ಕಟ್ಟಿಹಾಕುತ್ತೆ. ಅದೇ ಲಿಂಪ್ ಮೋಡ್.

'ಹೊಸ ಸೆನ್ಸರ್ ತರಿಸೋಣ್ವಾ?' ಅಂತ ಕೇಳಿದೆ.

'ತಡೀರಿ ಮೇಡಂ. ಮೊದ್ಲು ಬ್ಯಾಟರಿ, ಆಮೇಲೆ ಆಯಿಲ್, ಆಮೇಲೆ ವೈರು. ಪಾರ್ಟು ಕೊನೇಗೆ.'

ಬ್ಯಾಟರಿ 12.6 ವೋಲ್ಟ್ ತೋರಿಸಿತು. ಆಯಿಲ್ ಮಟ್ಟ ಸರಿಯಿತ್ತು, ಸುಟ್ಟ ವಾಸನೆಯೂ ಇರಲಿಲ್ಲ. ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ಪಿನ್ನುಗಳ ಮೇಲೆ ಹಸಿರು ಕಿಲುಬು! ಉಜ್ಜಿ, ಸ್ಪ್ರೇ ಹೊಡೆದು, ಹೊಸ ರಬ್ಬರ್ ಸೀಲ್ ಹಾಕಿ, ಕೋಡ್ ಅಳಿಸಿದರು. ಟೆಸ್ಟ್ ಡ್ರೈವ್‌ಗೆ ಸ್ಟೀರಿಂಗ್ ಹಿಡಿದದ್ದು ಅಮ್ಮನೇ. ಗೇರುಗಳು ಒಂದೊಂದಾಗಿ ಬಿದ್ದವು. ಒಟ್ಟು ಖರ್ಚು 1,800 ರೂಪಾಯಿ.

ಒಳಗಿನ ಭಾಗಗಳು ನಿಜಕ್ಕೂ ಸವೆದಿದ್ದರೆ ದುಡ್ಡು ಸುರಿಯಲೇಬೇಕು, ಬೇರೆ ದಾರಿಯಿಲ್ಲ. ಆದರೆ ನಿಮ್ಮ ಕಾರಿಗೂ ಪಿ0700 ಬಂದರೆ ಅಳಿಸೋ ಮುಂಚೆ ಸ್ಕ್ಯಾನರಿನ ಪರದೆಯ ಫೋಟೊ ತೆಗೆದುಕೊಳ್ಳಿ. 'ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಯಾವ ಕೋಡ್ ಇದೆ?' ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಸಿಗೋವರೆಗೂ ಗೇರ್‌ಬಾಕ್ಸ್ ಇಳಿಸೋಕೆ ಒಪ್ಪಬೇಡಿ.