ದೋಣಿಯೊಳಗಣ ನೀರು

ಮಲೆನಾಡಿನ ಹೆಂಚಿನ ಮನೆಯಲ್ಲಿ ಬಾಳಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವ ಸ್ಥಳಕ್ಕೆ ನೇರವಾಗಿ ಮೇಲಿರುವ ಹೆಂಚು ಸಾಮಾನ್ಯವಾಗಿ ನಿರಪರಾಧಿ. ಒಡೆದ ಹೆಂಚು ಇನ್ನೆಲ್ಲಿಯೋ ಇರುತ್ತದೆ. ಅಲ್ಲಿ ಒಳಹೊಕ್ಕ ನೀರು ರೀಪಿನ ಮೇಲೆ ಹರಿದು, ಪಕಾಸಿಯನ್ನು ಹಿಡಿದು ಇಳಿದು, ತನಗೆ ಮನಸ್ಸು ಬಂದ ಕಡೆ ಬೀಳುತ್ತದೆ. ತೀರ್ಥಹಳ್ಳಿಯ ಸೀಮೆಯಲ್ಲಿ ಅರುವತ್ತು ಮಳೆಗಾಲಗಳನ್ನು ಕಂಡ ನಾವು ಇದನ್ನು ಇಂಗ್ಲೆಂಡಿನಲ್ಲಿ ಹೇಗೆ ಮರೆತೆವೆಂಬುದನ್ನು ಇಲ್ಲಿ ಬರೆಯುತ್ತೇವೆ.

2023ನೆಯ ಇಸವಿಯ ಬೇಸಗೆಯಲ್ಲಿ ನಾವು ಸಕುಟುಂಬರಾಗಿ ಸೌತಾಂಪ್ಟನ್ ನಗರದ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಅಳಿಯಂದಿರು ಹಿಂದಿನ ವರುಷವೇ ಒಂದು ಹಳೆಯ ಹಾಯಿದೋಣಿಯನ್ನು ಕೊಂಡಿದ್ದರು. 26 ಅಡಿ ಉದ್ದ. 1970ರ ದಶಕದಲ್ಲಿ ಕಟ್ಟಿದುದು. ಮರದ್ದಲ್ಲ, ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ತೆಗೆದುದು. ತಳದಲ್ಲಿ ಎರಕದ ಕಬ್ಬಿಣದ ಎರಡು ಕೀಲ್‌ಗಳನ್ನು ದಪ್ಪ ಬೋಲ್ಟುಗಳಿಂದ ಬಿಗಿದಿದ್ದರು. ಇಳಿತದ ಹೊತ್ತಿನಲ್ಲಿ ನೀರೆಲ್ಲ ಸರಿದು ಹೋದರೂ ಅದು ಆ ಎರಡು ಕಾಲುಗಳ ಮೇಲೆ ಕೆಸರಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದಿತು. ಆ ಊರಿನ ಭರತವೂ ವಿಚಿತ್ರವೇ: ಏರಿದ ನೀರು ಸ್ವಲ್ಪ ಇಳಿದಂತೆ ಮಾಡಿ ಮತ್ತೊಮ್ಮೆ ಏರುತ್ತದೆ. ಒಂದು ಭರತಕ್ಕೆ ಎರಡು ಶಿಖರಗಳು.

ಈ ದೋಣಿಯ ವಿಷಯದಲ್ಲಿ ನಾವು ಮೊದಲೇ ಅಪ್ರಿಯವನ್ನು ಆಡಿದ್ದೆವು. ದುಡಿದ ಹಣವನ್ನು ಸಮುದ್ರಕ್ಕೆ ಸುರಿಯುವುದೇಕೆಂದು ಮಗಳಿಗೆ ಹೇಳಿದ್ದೆವು. ಆ ಮಾತು ಅಳಿಯಂದಿರ ಕಿವಿಗೂ ಬಿದ್ದಿದ್ದಿತು. ಒಂಬತ್ತು ವರ್ಷದ ಮೊಮ್ಮಗಳಿಗಾದರೋ ಭಾನುವಾರವೆಂದರೆ ದೋಣಿ, ದೋಣಿಯೆಂದರೆ ಭಾನುವಾರ.

ನಾವು ಹೋದಾಗ ದೋಣಿಯ ತಳದ ಗುಳಿಯಲ್ಲಿ ವಾರಕ್ಕೆ ಅರ್ಧ ಬಕೀಟು ನೀರು ಕೂಡುತ್ತಿದ್ದಿತು. ಅಳಿಯಂದಿರು ಕಂಡಕಂಡ ಸಂದಿಗೆಲ್ಲ ಹೊರಗಿನಿಂದ ಅಂಟನ್ನು ಮೂರು ಬಾರಿ ಮೆತ್ತಿದ್ದರು, ಪ್ರಯೋಜನವಾಗಿರಲಿಲ್ಲ. ನೋಡಲು ಬಂದ ಪರೀಕ್ಷಕರೊಬ್ಬರು, ಕೀಲಿನ ಬೋಲ್ಟುಗಳ ಸುತ್ತ ಸಮುದ್ರವೇ ಒಳಬರುತ್ತಿರಬಹುದೆಂದು ಸಂಶಯಪಟ್ಟರು. ಹಾಗಾದರೆ ರಿಪೇರಿಯ ಖರ್ಚು ದೋಣಿಯ ಬೆಲೆಯನ್ನೂ ಮೀರುತ್ತಿದ್ದಿತು.

ಆಗ ನಾವು ಪಾಂಡಿತ್ಯವನ್ನು ಹೊರತೆಗೆದೆವು. “ರುಚಿ ನೋಡಿದ್ದೀರಾ? ಸಿಹಿಯಾದರೆ ಮಳೆ, ಉಪ್ಪಾದರೆ ಸಮುದ್ರ” ಎಂದು ಹೇಳಿ, ಬೆರಳನ್ನು ಅದ್ದಿ ನಾಲಗೆಗೆ ಮುಟ್ಟಿಸಿದೆವು. (ನುಂಗಲಿಲ್ಲ, ಮಡಿವಂತರು ಕ್ಷಮಿಸಬೇಕು.) ಉಪ್ಪು! “ಸಮುದ್ರವೇ” ಎಂದು ತೀರ್ಪು ಕೊಟ್ಟೆವು. ಹಾಗೆ ಹೇಳುವಾಗ ನಮ್ಮ ಮನಸ್ಸಿನ ಮೂಲೆಯಲ್ಲಿ ಕಿಂಚಿತ್ ಸಂತೋಷವೂ ಇದ್ದಿತೆಂಬುದನ್ನು ಮುಚ್ಚಿಡಲಾರೆವು. ಅಳಿಯಂದಿರು ಮಾತಾಡಲಿಲ್ಲ. ದೋಣಿಯನ್ನು ಸಿಕ್ಕ ಬೆಲೆಗೆ ಕೊಡುವುದೆಂದು ಆ ರಾತ್ರಿಯೇ ಗೊತ್ತುಮಾಡಿದರು. ಮರುದಿನವೇ ಒಬ್ಬ ಗಿರಾಕಿಯೂ ದೊರೆತನು. ಮೊಮ್ಮಗಳು ಊಟಕ್ಕೆ ಬರಲಿಲ್ಲ.

ಮೂರನೆಯ ದಿನ ನಮ್ಮ ಮನೆಯವರು ಖಾಲಿಯಾದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ನೆನೆಹಾಕಿದ್ದರು. ನಾವು ಅಡಿಗೆಮನೆಗೆ ಹೋದಾಗ, “ಇದಕ್ಕೆ ಹಾಕಿದುದು ನಲ್ಲಿಯ ನೀರು. ರುಚಿ ನೋಡಿ, ಸಮುದ್ರವೇ ಬಂದಿದೆಯೇನೋ!” ಎಂದರು. ಅವರ ಮುಖದಲ್ಲಿ ನಗೆಯಿರಲಿಲ್ಲ.

ನಾವು ಮೂವತ್ತು ವರುಷ ಹುಡುಗರಿಗೆ ಪಾಠ ಹೇಳಿದವರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿ ಓದಿಸಿದವರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಂಥ ಹೇತುವಿಗೆ ಸವ್ಯಭಿಚಾರವೆಂದು ಹೆಸರು. ಐವತ್ತು ವರುಷ ಉಪ್ಪುನೀರನ್ನು ಕುಡಿದ ಗುಳಿಯಲ್ಲಿ ಆಕಾಶಗಂಗೆ ಬಿದ್ದರೂ ಉಪ್ಪಾಗುವುದು. ನಾವು ರುಚಿ ನೋಡಿದುದು ನೀರನ್ನಲ್ಲ, ಪಾತ್ರೆಯನ್ನು.

ಅಳಿಯಂದಿರ ಬಳಿಗೆ ಹೋಗಿ, “ನಮ್ಮ ತೀರ್ಪು ತಪ್ಪಾಗಿರಬಹುದು, ಗಿರಾಕಿಗೆ ಎರಡು ವಾರ ತಡೆಯಲು ಹೇಳಿ” ಎಂದೆವು. ಅಷ್ಟನ್ನು ಹೇಳಲು ನಮಗೆ ಅರ್ಧ ದಿನ ಹಿಡಿಯಿತು. ಅವರು, “ಆಗಲಿ ಮಾವನವರೆ” ಎಂದು ಕೂಡಲೆ ಎದ್ದರು.

ಗುಳಿಯನ್ನು ನಲ್ಲಿಯ ನೀರಿನಿಂದ ನಾಲ್ಕು ಸಲ ತೊಳೆದು ಬಟ್ಟೆಯಿಂದ ಒಣಗಿಸಿದೆವು. ಕುಡಿಯುವ ನೀರಿನ ತೊಟ್ಟಿಯನ್ನೂ ಬರಿದು ಮಾಡಿದೆವು; ಇಲ್ಲವಾದರೆ ಅದರ ಸೋರಿಕೆಯೂ ಸಿಹಿಯಾಗಿಯೇ ಇರುವುದಷ್ಟೆ. ಮೊದಲ ವಾರ ಒಂದು ಹನಿ ಮಳೆಯಿಲ್ಲ. ಗುಳಿಯೂ ಒಣಗಿಯೇ ಇದ್ದಿತು. ಎರಡನೆಯ ವಾರ ಎರಡು ದಿನ ಹಿಡಿದು ಸುರಿಯಿತು. ಎರಡು ತಂಬಿಗೆ ನೀರು, ರುಚಿ ಬರಿಯ ಚಪ್ಪೆ. ಸಮುದ್ರವೋ ಎರಡು ವಾರವೂ ದೋಣಿಯ ಕೆಳಗೇ ಇದ್ದಿತು! ಅನ್ವಯ ವ್ಯತಿರೇಕಗಳೆರಡೂ ಕೂಡಿಬಂದ ಮೇಲೆ ಕೀಲಿನ ಬೋಲ್ಟುಗಳು ದೋಷಮುಕ್ತವಾದುವು.

ಇನ್ನು ಮಳೆಗೆ ಬಾಗಿಲು ಯಾವುದು? ದೋಣಿಯ ಮೇಲ್ತಟ್ಟಿನಲ್ಲಿ ಕಿಟಕಿ, ಕಟಾಂಜನದ ಕಂಬಗಳ ಬುಡ, ಹೀಗೆ ತೂತು ಕೊರೆದ ಸ್ಥಳಗಳು ನೂರಾರು. ಪ್ರತಿಯೊಂದರ ಕೆಳಗೂ ಒಳಗಡೆ ಕಾಗದದ ತುಂಡನ್ನು ಅಂಟಿಸಿದೆವು. ಮೊಮ್ಮಗಳು ದೀಪ ಹಿಡಿದು ಒಳಗೆ ಕುಳಿತಳು. ಅಳಿಯಂದಿರು ಹೊರಗೆ ಕೊಳವೆಯಿಂದ ನೀರು ಬಿಟ್ಟರು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು, ಒಂದೊಂದು ಸ್ಥಳದಲ್ಲಿಯೂ ಹತ್ತು ನಿಮಿಷ ನಿಲ್ಲಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದಿಗಳೂ ಒಟ್ಟಿಗೆ ನೆನೆದು, ಯಾವುದು ಕಳ್ಳನೆಂದು ತಿಳಿಯುವುದೇ ಇಲ್ಲ. ಎರಡು ಗಂಟೆ ಕಳೆಯಿತು. ನಮಗೆ ಬೆನ್ನು ನೋಯತೊಡಗಿದ್ದಿತು.

ಹಾಯಿಯ ಕಂಬವನ್ನು ಎಡಮಗ್ಗುಲಿಗೆ ಬಿಗಿದಿರುವ ಉಕ್ಕಿನ ತಂತಿ ಮೇಲ್ತಟ್ಟಿಗೆ ಸೇರುವ ಪಟ್ಟಿಯ ಬಳಿಗೆ ಕೊಳವೆ ಬಂದಾಗ, ಒಳಗಿನಿಂದ “ಅಜ್ಜಾ, ಕಾಗದ ಒದ್ದೆ!” ಎಂದು ಕೂಗು ಕೇಳಿತು. ನೀರು ಅಲ್ಲಿಂದ ಇಳಿದು, ಒಳಗಿನ ಬಟ್ಟೆಯ ಹೊದಿಕೆಯ ಹಿಂದೆ ಅಡಗಿ, ಆರಡಿ ಹಿಂದಕ್ಕೆ ಹರಿದು ಗುಳಿಯನ್ನು ಸೇರುತ್ತಿದ್ದಿತು. ಪಕಾಸಿ ಹಿಡಿದು ಇಳಿಯುವ ನಮ್ಮ ಮನೆಯ ನೀರೇ!

ತಂತಿಯನ್ನು ಬಿಚ್ಚಿದರೆ ಕಂಬಕ್ಕೆ ಆಧಾರ ತಪ್ಪುವುದಾದುದರಿಂದ, ಹಾಯಿ ಏರಿಸುವ ಹಗ್ಗವನ್ನೇ ಆ ಮಗ್ಗುಲಿಗೆ ಬಿಗಿದರು. ಪಟ್ಟಿಯನ್ನು ಕಳಚಿ ನೋಡಿದರೆ ಹಳೆಯ ಅಂಟು ಒಣಗಿದ ಹಪ್ಪಳದಂತೆ ಪುಡಿಯಾಯಿತು. ಅದರ ಮೇಲೆ ಮೆತ್ತಿದ ಹೊಸ ಅಂಟು ತಾನೆ ಏನು ಮಾಡೀತು? ಕೆರೆದು, ಒಣಗಿಸಿ, ಹೊಸ ಅಂಟನ್ನು ಪಟ್ಟಿಯ ಅಡಿಗೆ ತುಂಬಿ ಮತ್ತೆ ಬಿಗಿದರು. ಸಾಮಗ್ರಿಯ ಖರ್ಚು ಇಪ್ಪತ್ತು ಪೌಂಡನ್ನು ಮುಟ್ಟಲಿಲ್ಲ. ಗಿರಾಕಿಗೆ ಅಳಿಯಂದಿರು ಕ್ಷಮಾಪಣೆ ಕೇಳಿಕೊಂಡರು.

ನಾವು ಊರಿಗೆ ಹೊರಡುವ ಹಿಂದಿನ ದಿನ ಜೋರಾಗಿ ಮಳೆ ಬಂದಿತು. ಸಂಜೆ ಎಲ್ಲರೂ ಹೋಗಿ ಗುಳಿಯ ಹಲಗೆಯನ್ನು ಎತ್ತಿದೆವು. ಮೊಮ್ಮಗಳು ಒಳಗೆ ಕೈಹಾಕಿ, ಬೆರಳುಗಳನ್ನು ನಮಗೆ ತೋರಿಸಿ, “ಧೂಳು” ಎಂದಳು. ಯಂತ್ರದ ದಂಡ ಹೊರಹೋಗುವ ಕಡೆ ಮಾತ್ರ ಒಂದೆರಡು ಹನಿಗಳಿದ್ದುವು. ದಂಡ ತಿರುಗುವಾಗ ಅಲ್ಲಿ ಹನಿ ಬೀಳಲೇಬೇಕು, ಅದರ ರಚನೆಯೇ ಹಾಗೆ ಎಂದು ಅಳಿಯಂದಿರು ಹೇಳಿದರು. ಈ ಸಲ ನಾವು ರುಚಿ ನೋಡಲು ಹೋಗಲಿಲ್ಲ.