ಹರದನಹಳ್ಳಿಯಲ್ಲೊಂದು ಹಳೆಯ ಟ್ರಾಕ್ಟರು

ಚಾಮರಾಜನಗರದ ಬಸ್ ನಿಲ್ದಾಣದ ಗದ್ದಲವನ್ನು ಹಿಂದೆ ಬಿಟ್ಟು ಕೆಲವೇ ಮೈಲಿ ಸಾಗಿದರೆ ಹರದನಹಳ್ಳಿ. ಊರಿನ ಹೆಸರು ಕೇಳಿದೊಡನೆ ಅನೇಕರಿಗೆ ನೆನಪಾಗುವುದು ದಿವ್ಯಲಿಂಗೇಶ್ವರನ ಪ್ರಾಚೀನ ದೇವಾಲಯ. ವಚನಸಾಹಿತ್ಯವನ್ನು ಬಲ್ಲವರಿಗಾದರೋ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಗುರುಗಳಾದ ಗೋಸಲ ಚನ್ನಬಸವೇಶ್ವರರು ನೆನಪಾಗುತ್ತಾರೆ. ಪಕ್ಕದ ಚಾಮರಾಜನಗರ 1818ರವರೆಗೂ ಅರಿಕುಠಾರವೆಂಬ ಹೆಸರಿನಲ್ಲಿತ್ತು. ಹರದನಹಳ್ಳಿಯ ಹೆಸರಿಗೆ ಮಾತ್ರ ಅಂತಹ ಮರುನಾಮಕರಣದ ಭಾಗ್ಯ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ದೇವರ ದರ್ಶನ ಮುಗಿಸಿ ಹಿಂದಿರುಗುವ ಪ್ರವಾಸಿಗನು ಮಾಘಮಾಸದ ಹೊತ್ತಿಗೆ ಬಂದಿದ್ದರೆ, ಈ ಸೀಮೆಯ ಹೊಲಗಳ ಕಡೆಗೂ ಒಂದು ಸುತ್ತು ಹಾಕುವುದು ಒಳ್ಳೆಯದು. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಮಲಗಿರುತ್ತದೆ. ಗಾಳಿಯಲ್ಲಿ ಬೇಯಿಸಿದ ಅರಿಸಿನದ ಘಾಟು. ಒಂಬತ್ತು ತಿಂಗಳು ಮಣ್ಣಿನೊಳಗಿದ್ದು ಬೆಳೆದ ಅರಿಸಿನವನ್ನು ಅಗೆದು, ಬೇಯಿಸಿ, ಎರಡು ವಾರ ಬಿಸಿಲಿನಲ್ಲಿ ಒಣಗಿಸಿದ ಮೇಲೆ ಅದನ್ನು ಜಾಲರಿಯ ದೊಡ್ಡ ಪೀಪಾಯಿಗೆ ತುಂಬಿ ತಿರುಗಿಸುತ್ತಾರೆ. ಕೊಂಬುಗಳು ಒಂದಕ್ಕೊಂದು ಉಜ್ಜಿ, ಒರಟು ಸಿಪ್ಪೆಯೂ ಬೇರೂ ಉದುರಿ, ಹೊಳಪು ಬರುತ್ತದೆ. ಪಟ್ಟಣದ ಗೃಹಿಣಿಯು ಗೌರಿಪೂಜೆಗೆಂದು ಆರಿಸಿ ತರುವ ಹೊಳಪಿನ ಕೊಂಬಿಗೆ ಈ ಮೆರುಗು ಬರುವುದು ಹೀಗೆ. ಮೆರುಗಿಲ್ಲದ ಸರಕಿಗೆ ಈರೋಡಿನ ಮಂಡಿಯಲ್ಲಿ ಬೆಲೆ ಇಳಿಯುತ್ತದೆ.

ಪೀಪಾಯಿಯನ್ನು ತಿರುಗಿಸುವುದು ಟ್ರಾಕ್ಟರು. ಒಂದು ಕಣದಲ್ಲಿ ಆ ಕೆಲಸಕ್ಕೆ ನಿಂತಿದ್ದುದು ಬಣ್ಣ ಮಾಸಿದ ಇಂಟರ್‌ನ್ಯಾಷನಲ್ ಬಿ-275. 1963ರಲ್ಲಿ ಮಹೀಂದ್ರ ಸಂಸ್ಥೆಯು ವಿದೇಶೀ ಪಾಲುದಾರರೊಡನೆ ಸ್ಥಾಪಿಸಿದ ಮುಂಬಯಿಯ ಕಾರ್ಖಾನೆಯಿಂದ ಹೊರಬಂದ ಮಾದರಿಯದು. 35 ಅಶ್ವಶಕ್ತಿ, ನಾಲ್ಕು ಸಿಲಿಂಡರು. ಕಣದ ಯಜಮಾನರ ತಂದೆ ಎತ್ತಿನ ಜೋಡಿಯನ್ನು ಮಾರಿ ಕೊಂಡದ್ದಂತೆ. ಮಗನಿಗೆ ಅದನ್ನು ಗುಜರಿಗೆ ಹಾಕುವ ಆತುರ, ತಂದೆಗೆ ಮನಸ್ಸಿಲ್ಲ. ಆ ಮನೆಯ ವ್ಯಾಜ್ಯ ಅಂದು ಬೆಳಿಗ್ಗೆ ತೀರ್ಮಾನವಾಗಬೇಕಾಗಿತ್ತು. ಏಕೆಂದರೆ ಹಿಂದಿನ ಸಂಜೆ ಟ್ರಾಕ್ಟರು ಹುಚ್ಚೆದ್ದಿತ್ತು. ಸುಮ್ಮನೆ ನಿಂತಿರುವಾಗ ಇಂಜಿನ್ನಿನ ಸದ್ದು ಏರುವುದು, ಇಳಿಯುವುದು, ಮತ್ತೆ ಏರುವುದು. ಕೊನೆಗೊಮ್ಮೆ ಕೈಯಳತೆ ಮೀರಿ ಓಡತೊಡಗಿ, ಪೀಪಾಯಿ ಗಿರ್ರೆಂದು ತಿರುಗಿ, ಬಳಿಯಲ್ಲಿದ್ದ ಹೆಂಗಸರು ಚೀರಿಕೊಂಡು ಹಿಂದೆ ಸರಿದಿದ್ದರು. ಯಜಮಾನರು ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದುದರಿಂದ ಅನಾಹುತ ತಪ್ಪಿತ್ತು. ಪೀಪಾಯಿಯೋ ಬಾಡಿಗೆಯದು, ಮರುದಿನ ಬೇರೆಯ ಕಣಕ್ಕೆ ಹೋಗಬೇಕು. ಒಣಗಿದ ಅರಿಸಿನವೆಲ್ಲ ಗುಡ್ಡೆಯಾಗಿ ಬಿದ್ದಿತ್ತು.

ಇಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಸಾಧನಕ್ಕೆ ಗವರ್ನರ್ ಎಂದು ಹೆಸರು. ಪಟ್ಟಣದ ಓದುಗರಿಗೆ ಗವರ್ನರ್ ಎಂದರೆ ರಾಜಭವನದಲ್ಲಿರುವವರು. ಆದರೆ ಈ ಗವರ್ನರಿಗೆ ಒಂದು ಕ್ಷಣವೂ ಬಿಡುವಿಲ್ಲ. 1788ರಲ್ಲಿ ಜೇಮ್ಸ್ ವಾಟನು ಹಬೆಯ ಇಂಜಿನ್ನಿಗೆ ತಿರುಗುವ ಎರಡು ಗುಂಡುಗಳ ಗವರ್ನರನ್ನು ಅಳವಡಿಸಿದನು. ಬಿ-275ರಲ್ಲಿ ಗುಂಡುಗಳಿಲ್ಲ, ಗಾಳಿಯೇ ಆ ಕೆಲಸ ಮಾಡುತ್ತದೆ. ಇಂಜಿನ್ನು ಗಾಳಿಯನ್ನು ಹೀರುವ ದಾರಿಯಲ್ಲಿ ಒಂದು ಇಕ್ಕಟ್ಟಾದ ಕೊರಳು, ಅದರೊಳಗೆ ಕೈಹಿಡಿಯಿಂದ ತಿರುಗುವ ಚಿಟ್ಟೆಯಾಕಾರದ ತಗಡು. ಆ ಕೊರಳಿನಿಂದ ಹೊರಟ ಸಣ್ಣ ಕೊಳವೆ ಡೀಸೆಲ್ ಪಂಪಿನ ಹಿಂಬದಿಯ ಡಬ್ಬಿಗೆ ಸೇರುತ್ತದೆ. ಡಬ್ಬಿಯಲ್ಲಿ ಡಯಾಫ್ರಮ್ ಎಂಬ ತೆಳು ಪರದೆ, ಪರದೆಯ ಹಿಂದೆ ಒಂದು ಸ್ಪ್ರಿಂಗು. ಸ್ಪ್ರಿಂಗು ಸದಾ ಹೆಚ್ಚು ಡೀಸೆಲು ಕೊಡುವ ಕಡೆಗೆ ತಳ್ಳುತ್ತಿರುತ್ತದೆ. ಇಂಜಿನ್ನಿನ ವೇಗ ಏರಿದಂತೆ ಕೊರಳಿನಲ್ಲಿ ಹೀರುವಿಕೆ ಹೆಚ್ಚಿ, ಪರದೆಯನ್ನು ಹಿಂದಕ್ಕೆಳೆದು ಡೀಸೆಲನ್ನು ತಗ್ಗಿಸುತ್ತದೆ. ಹೊರೆ ಬಿದ್ದು ವೇಗ ಕುಗ್ಗಿದರೆ ಸ್ಪ್ರಿಂಗಿನ ಕೈ ಮೇಲಾಗುತ್ತದೆ. ಹೀಗೆ ಎರಡರ ಜಗ್ಗಾಟದಿಂದಲೇ ಸಮತೋಲ. ಈ ಏರ್ಪಾಟಿನ ಸೊಗಸೂ ಅಪಾಯವೂ ಒಂದೇ ಕಡೆ ಇವೆ: ಆ ಹೀರುವಿಕೆ ಎಲ್ಲಾದರೂ ಸೋರಿದರೆ ಸ್ಪ್ರಿಂಗನ್ನು ತಡೆಯುವವರಿಲ್ಲ; ಡೀಸೆಲು ಪೂರ್ಣವಾಗಿ ಹರಿದು ಇಂಜಿನ್ನು ತನ್ನನ್ನು ತಾನೇ ಮುರಿದುಕೊಳ್ಳುವವರೆಗೆ ಓಡಬಹುದು.

ಹಿಂದಿನ ದಿನವೇ ಬಂದಿದ್ದ ಒಬ್ಬ ರಿಪೇರಿಯವನು, ವೇಗ ಹೆಚ್ಚುತ್ತಿದೆಯೆಂದು ಕೊರಳಿನ ಬಳಿಯ ಮುದ್ರೆ ಹಾಕಿದ್ದ ತಿರುಪನ್ನು ಬಿಚ್ಚಿ ತಿರುಗಿಸಿ ಹೋಗಿದ್ದನು. ಇದರಿಂದ ಇನ್ನೊಂದು ತೊಂದರೆ ಕೂಡಿಕೊಂಡಿತ್ತು: ಖಾಲಿ ನಿಂತಾಗ ಓಲಾಡುವ ಇಂಜಿನ್ನು ಹೊರೆ ಬಿದ್ದಾಗ ನಿಶ್ಶಕ್ತವಾಗುತ್ತಿತ್ತು. ಪಂಪನ್ನೇ ಬಿಚ್ಚಿ ಪಟ್ಟಣಕ್ಕೆ ಒಯ್ಯಬೇಕೆಂಬುದು ಅವನ ತೀರ್ಪು. ಅದಕ್ಕೆ ಸಾವಿರಗಟ್ಟಲೆ ರೂಪಾಯಿ, ಮೂರು ನಾಲ್ಕು ದಿನ.

ಬೆಳಿಗ್ಗೆ ಬಂದ ಮುದುಕ ಮೆಕ್ಯಾನಿಕ್ಕನು ಬೀಡಿಯನ್ನು ಆರಿಸಿ ಎದ್ದನು. "ಪಂಪು ಬಿಚ್ಚಬ್ಯಾಡಿ ಯಜಮಾನ್ರೇ. ಮೊದ್ಲು ಗಾಳಿ ಎಲ್ಲಿ ಹೋಯ್ತದೆ ನೋಡವ."

ಮೊದಲು ಅವನು ಪರದೆಯನ್ನು ಪರೀಕ್ಷಿಸಿದನು. ಇಂಜಿನ್ನು ನಿಂತಿರುವಾಗಲೇ ಪಂಪಿನ ಕಡೆಯ ಕೊಳವೆಯನ್ನು ಕಳಚಿ, ನಿಲ್ಲಿಸುವ ಗುಂಡಿಯನ್ನು ಪೂರ್ತಿ ಎಳೆದು, ಡಬ್ಬಿಯ ರಂಧ್ರವನ್ನು ಹೆಬ್ಬೆಟ್ಟಿನಿಂದ ಬಿಗಿಯಾಗಿ ಮುಚ್ಚಿ, ಗುಂಡಿಯನ್ನು ಬಿಟ್ಟನು. ಪರದೆ ಹರಿದಿದ್ದರೆ ಪಂಪಿನ ಒಳಸರಳು ಥಟ್ಟನೆ ಮುಂದಕ್ಕೆ ಹಾರಬೇಕು. ಇಲ್ಲಿ ಅದು ಸ್ವಲ್ಪ ಸರಿದು, ಆಮೇಲೆ ಬಸವನಹುಳುವಿನಂತೆ ತೆವಳಿತು. ಪರದೆ ಗಟ್ಟಿಯಾಗಿಯೇ ಇದೆ. ಮಗನ ಮುಖ ಇಳಿಯಿತು. ಹಾಗಾದರೆ ಪಂಪಿನದೇ ದೋಷವೆಂದು ಅವನಿಗೆ ತೋರಿರಬೇಕು.

ಮುದುಕನಿಗೆ ಆತುರವಿರಲಿಲ್ಲ. ಕೊಳವೆಯನ್ನು ಎರಡು ಕಡೆಯೂ ಕಳಚಿ, ಪಂಚೆಯಂಚಿನಿಂದ ಒರೆಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಮತ್ತೊಂದನ್ನು ಬಾಯಿಂದ ಹೀರಿದನು. ಸರಿಯಾದ ಕೊಳವೆಯಾದರೆ ತುಟಿಗೆ ಅಂಟಿಕೊಳ್ಳಬೇಕು. ಅಂಟಲಿಲ್ಲ. ನಟ್ಟಿನ ಕೆಳಗೆ, ಕೊಳವೆಯ ಬಾಯಿ ಅಗಲವಾಗುವ ಕಡೆ, ಕೂದಲೆಳೆಯಂತಹ ಬಿರುಕು! ಕೊಳವೆಯನ್ನು ಹಿಡಿದಿಡುವ ಸಣ್ಣ ಪಟ್ಟಿ ಎಂದೋ ಬಿದ್ದುಹೋಗಿತ್ತು. ವರ್ಷಗಟ್ಟಲೆ ಅದುರಿ ಅದುರಿ ಲೋಹ ಸೀಳಿತ್ತು. ಇಂಜಿನ್ನಿನ ಅದುರಿಗೆ ಬಿರುಕು ಬಾಯ್ದೆರೆದಾಗಲೆಲ್ಲ ವೇಗ ಏರುತ್ತಿತ್ತು, ಮುಚ್ಚಿಕೊಂಡಾಗ ಇಳಿಯುತ್ತಿತ್ತು.

ಬಿರುಕು ಬಿಟ್ಟ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ, ಹೊಸದಾಗಿ ಬಾಯಗಲಿಸಿ ನಟ್ಟು ಬಿಗಿದುದಾಯಿತು. ತಗಡಿನ ಪಟ್ಟಿಯೊಂದನ್ನು ಬಡಿದು ಕೊಳವೆಯನ್ನು ಭದ್ರಪಡಿಸಿದುದೂ ಆಯಿತು. ಗಾಳಿಯ ದಾರಿ ಇಂಜಿನ್ನಿಗೆ ಕೂಡುವ ಕಡೆಯ ಗ್ಯಾಸ್ಕೆಟ್ಟನ್ನೂ ಚಿಟ್ಟೆತಗಡಿನ ಸರಳನ್ನೂ ಅಲ್ಲಾಡಿಸಿ ನೋಡಿದನು. ಅಲ್ಲಿ ಕಳ್ಳಗಾಳಿ ನುಗ್ಗಿದರೂ ಇದೇ ರೋಗ. ಕಡೆಗೆ, ಟ್ರಾಕ್ಟರಿನ ಮಾಪಕದ ಮುಳ್ಳನ್ನು ನೋಡುತ್ತ, ಹಿಂದಿನವನು ಕೆಡಿಸಿದ್ದ ತಿರುಪನ್ನು ಮೊದಲಿನ ಸ್ಥಿತಿಗೆ ತಂದು ತಂತಿ ಸುತ್ತಿದನು. ಹೆಂಗಸರನ್ನೆಲ್ಲ ದೂರ ನಿಲ್ಲಿಸಿ, ಮಗನ ಕೈಗೆ ನಿಲ್ಲಿಸುವ ಗುಂಡಿಯನ್ನು ಕೊಟ್ಟು, "ಏರುದ್ರೆ ಎಳ್ದುಬುಡು, ನನ್ನ ಮಕ ನೋಡ್ಬ್ಯಾಡ" ಎಂದನು.

ಗುಂಡಿಯನ್ನು ಎಳೆಯುವ ಪ್ರಸಂಗ ಬರಲಿಲ್ಲ. ಇಂಜಿನ್ನು ಒಂದೆರಡು ಬಾರಿ ಕೆಮ್ಮಿ, ಕಪ್ಪು ಹೊಗೆಯುಗುಳಿ, ಒಂದೇ ಶ್ರುತಿಯಲ್ಲಿ ನಿಂತಿತು. ಪೀಪಾಯಿಗೆ ಅರಿಸಿನ ತುಂಬಿದಾಗ ಸದ್ದು ಕೊಂಚ ಕುಗ್ಗಿ ತಾನಾಗಿಯೇ ಚೇತರಿಸಿಕೊಂಡಿತು. ಜಾಲರಿಯಿಂದ ಹಳದಿಯ ಧೂಳು ಏಳತೊಡಗಿತು. ಮುದುಕನ ನರೆಗೂದಲೂ ಮಗನ ಅಂಗಿಯೂ ಒಂದೇ ಬಣ್ಣವಾದವು. ಸಂಜೆಯ ಹೊತ್ತಿಗೆ ಮೂಟೆಗಳ ಬಾಯಿ ಹೊಲಿದು, ದಿಂಬಂ ಘಟ್ಟವನ್ನಿಳಿದು ಈರೋಡಿಗೆ ಹೋಗುವ ಲಾರಿಗೆ ಹೇಳಿಕಳುಹಿಸಿದರು. ಗುಜರಿಯ ಮಾತನ್ನು ಅಂದು ಯಾರೂ ಎತ್ತಲಿಲ್ಲ.